ಸಂಕರ್ಷಣಾಚಾರ್ಯರ ಮೂಗು ಕಟ್ಟಿದ ದಿನ

ಬಸವನ ಬಾಗೇವಾಡಿಯ ಸಂಕರ್ಷಣಾಚಾರ್ಯರಿಗೆ ಅರವತ್ತೆರಡು ವರ್ಷ. ಅದರಲ್ಲಿ ನಲವತ್ತು ವರ್ಷ ಅವರು ಪರರ ಮನೆಯ ಒಲೆಯ ಮುಂದೆ ಕಳೆದಿದ್ದಾರೆ. ಮುದ್ದೇಬಿಹಾಳ, ಸಿಂದಗಿ, ಇಂಡಿ, ಈ ಸುತ್ತಿನಲ್ಲಿ ಯಾವ ವೈಷ್ಣವರ ಮನೆಯಲ್ಲಿ ಮುಂಜಿ, ಮದುವೆ, ಶ್ರಾದ್ಧ, ಶಾಂತಿ ಇದ್ದರೂ ಮೊದಲು ಪಂಚಾಂಗ ನೋಡುತ್ತಾರೆ, ಆಮೇಲೆ ಆಚಾರ್ಯರಿಗೆ ಫೋನು ಮಾಡುತ್ತಾರೆ. ಆಚಾರ್ಯರು ಬಿಡುವಿಲ್ಲ ಎಂದದ್ದಕ್ಕೆ ಮುಹೂರ್ತವನ್ನೇ ಮುಂದೆ ಹಾಕಿದ ಮನೆಗಳೂ ಇವೆ. ದೇವರಿಗೆ ಅದರಿಂದ ಬೇಸರವಾದಂತೆ ಕಂಡಿಲ್ಲ.

ಅಡಿಗೆಗಿಂತ ಅವರ ಮೂಗು ಹೆಚ್ಚು ಹೆಸರುವಾಸಿ. ಮಡಿಯ ಅಡಿಗೆ ಮೊದಲು ದೇವರಿಗೆ ನೈವೇದ್ಯವಾಗಬೇಕು, ಮನುಷ್ಯರ ನಾಲಿಗೆಯ ಸರದಿ ಆಮೇಲೆ. ಅಡಿಗೆಯವನು ನಡುವೆ ಒಂದು ಹನಿ ರುಚಿ ನೋಡಿದನೋ, ಇಡೀ ಹಂಡೆ ಮೈಲಿಗೆ. ಹೀಗಾಗಿ ಮುನ್ನೂರು ಜನರ ಸಾರಿಗೆ ಉಪ್ಪು ಹಿಡಿಯಿತೋ ಇಲ್ಲವೋ ಎಂಬುದನ್ನು ನಾಲಿಗೆಯ ಹಂಗಿಲ್ಲದೆ ಕಂಡುಹಿಡಿಯಬೇಕು. ಉಳಿದ ಅಡಿಗೆಯವರು ಕೈಯಳತೆಯನ್ನು ನಂಬುತ್ತಾರೆ, ಕೈ ತಪ್ಪಿದರೆ ರಾಯರನ್ನು ನಂಬುತ್ತಾರೆ. ಸಂಕರ್ಷಣಾಚಾರ್ಯರು ಹಂಡೆಯ ಮುಚ್ಚಳ ಸರಿಸಿ, ಹಬೆಗೆ ಮುಖ ಕೊಟ್ಟು, ಕಣ್ಣು ಮುಚ್ಚಿ ನಿಲ್ಲುತ್ತಿದ್ದರು. ಆಮೇಲೆ "ಇನ್ನೊಂದು ಹಿಡಿ" ಎನ್ನುವರು, ಇಲ್ಲವೇ "ಸಾಕು" ಎನ್ನುವರು. ಉಪ್ಪಿಗೆ ಎಲ್ಲಿಯ ವಾಸನೆ ಎಂದು ಕೇಳುವವರು ಕೇಳಲಿ. ಉಪ್ಪು ಸಾಲದ ಸಾರಿನ ಹಬೆ ಹಸಿಹಸಿಯಾಗಿ ಬರುತ್ತದೆ, ಉಪ್ಪು ಹಿಡಿದ ಮೇಲೆ ಹುಣಸೆಹಣ್ಣೂ ಸಾರಿನ ಪುಡಿಯೂ ಒಂದಾಗಿ ಏಳುತ್ತವೆ ಎಂಬುದು ಅವರ ಸಿದ್ಧಾಂತ. ಎಲೆಯ ಮೇಲೆ ಉಪ್ಪು ಯಾವತ್ತೂ ತಪ್ಪುತ್ತಿರಲಿಲ್ಲವಾದ್ದರಿಂದ ಸಿದ್ಧಾಂತವನ್ನು ಪರೀಕ್ಷಿಸುವ ಗೋಜಿಗೆ ಯಾರೂ ಹೋಗಿರಲಿಲ್ಲ.

ಮುದ್ದೇಬಿಹಾಳದಲ್ಲಿ ಒಮ್ಮೆ ಒಬ್ಬ ಪಂಡಿತರು ತಕರಾರು ತೆಗೆದಿದ್ದರು. ವಾಸನೆ ನೋಡುವುದೂ ಒಂದು ಬಗೆಯ ಭೋಗವೇ, ದೇವರಿಗಿಂತ ಮೊದಲು ಮೂಗು ಉಂಡಂತಾಯಿತಲ್ಲ ಎಂದು ಅವರ ವಾದ.

"ನಾ ಎಲ್ಲೆ ವಾಸನಿ ನೋಡ್ತೀನ್ರೀ? ನಾ ಸುಮ್ಮನ ಉಸಿರಾಡ್ತೀನಿ. ವಾಸನಿ ತಾನ ಬರ್ತದ. ಬರಬ್ಯಾಡ ಅನ್ಲಿಕ್ಕೆ ಬರ್ತದೇನು?" ಎಂದರು ಆಚಾರ್ಯರು. ಪಂಡಿತರು ಆ ದಿನ ಮೂರು ಸಲ ಸಾರು ಹಾಕಿಸಿಕೊಂಡರು, ಶಾಸ್ತ್ರದ ಮಾತು ಅಲ್ಲಿಗೇ ನಿಂತಿತು.

ಮನೆಯಲ್ಲಿ ಮಾತ್ರ ಆ ಮೂಗಿಗೆ ಕವಡೆ ಕಿಮ್ಮತ್ತಿರಲಿಲ್ಲ. ಹೆಂಡತಿ ಇಂದೂಬಾಯಿ ತನ್ನ ಅಡಿಗೆಗೆ ತಾನೇ ಉಪ್ಪು ಹಾಕುವಳು, ಹೆಚ್ಚಾದರೆ ಮೊಸರು ಕಲಸಿಕೊಳ್ಳಿರಿ ಎನ್ನುವಳು. ಆಚಾರ್ಯರು ಮೊಸರು ಕಲಸಿಕೊಂಡು ಉಣ್ಣುತ್ತಿದ್ದರು. ಹೊರಗೆ ಹೋದಾಗ ಮಾತ್ರ ಮೂಗಿನ ಕಾಳಜಿ ಜೋರು. ನಶ್ಯ ಮುಟ್ಟಿದವರಲ್ಲ, ಅಗರಬತ್ತಿಯ ಹೊಗೆಗೆ ನಿಂತವರಲ್ಲ, ಮಾಘದ ಚಳಿಯಲ್ಲಿ ಕಿವಿಯಿಂದ ಗಂಟಲಿನವರೆಗೆ ಮಫ್ಲರು ಸುತ್ತಿಕೊಂಡೇ ಓಡಾಡುತ್ತಿದ್ದರು.

ಮೂಗಿಗೆ ಇಷ್ಟು ಮರ್ಯಾದೆ ಕೊಟ್ಟರೂ ಅದು ಕೈಕೊಟ್ಟಿತು. ಇಂಡಿಯ ದೇಸಾಯರ ಮನೆಯಲ್ಲಿ ಅರವತ್ತರ ಶಾಂತಿ ಗುರುವಾರ. ಸೋಮವಾರ ಆಚಾರ್ಯರು ಸಾಲಾಗಿ ಹನ್ನೊಂದು ಸಲ ಸೀನಿದರು. ಮಂಗಳವಾರ ಮೂಗು ಸೋರಿತು. ಬುಧವಾರ ಬೆಳಿಗ್ಗೆ ಎದ್ದಾಗ ಎರಡೂ ಹೊಳ್ಳೆಗಳು ಬಂದಾಗಿದ್ದವು. ಇಂಗಿನ ಡಬ್ಬಿ ತೆರೆದು ಮೂಗಿಗೆ ಹಿಡಿದುಕೊಂಡರು. ಏನೂ ಇಲ್ಲ. ಇಂಗೇ ತಿಳಿಯದ ಮೂಗಿಗೆ ಉಪ್ಪು ತಿಳಿದೀತೇ? ನಾಳೆ ಹನ್ನೊಂದೂವರೆಗೆ ನೈವೇದ್ಯ. ಅಷ್ಟರೊಳಗೆ ಮೂಗು ತೆರೆಯದಿದ್ದರೆ ನಲವತ್ತು ವರ್ಷದ ಹೆಸರು ಒಂದು ಹಂಡೆ ಕಟ್ಟಿನ ಸಾರಿನಲ್ಲಿ ಮುಳುಗುತ್ತಿತ್ತು.

ಅಂಗಡಿಯ ಬಾಗಿಲು ತೆರೆಯುವ ಹೊತ್ತಿಗೇ ಅವರು ಕಲ್ಮೇಶನ ಔಷಧದಂಗಡಿಯ ಕಟ್ಟೆ ಹತ್ತಿದ್ದರು. ಕಲ್ಮೇಶ ಕಲಿತವನು, ತಾಳ್ಮೆಯವನು. ಆವತ್ತು ಅವನ ತಾಳ್ಮೆಗೆ ಪರೀಕ್ಷೆಯಿತ್ತು. ಹೆಣ್ಣು ನೋಡಲು ಬಂದ ಬೀಗರಂತೆ ಆಚಾರ್ಯರು ಒಂದೊಂದು ಔಷಧದ ಕುಲಗೋತ್ರ ವಿಚಾರಿಸಿದರು. ಕ್ಯಾಪ್ಸೂಲು ತೋರಿಸಿದರೆ ಅದರ ಸಿಪ್ಪೆ ಯಾವುದರಿಂದ ಆದದ್ದು ಎಂದು ಕೇಳಿದರು, ಕಲ್ಮೇಶ ಸುಳ್ಳು ಹೇಳದೆ ಬಹಳಷ್ಟು ಸಿಪ್ಪೆ ದನದ ಎಲುಬು, ತೊಗಲಿನಿಂದಲೇ ಎಂದ, ಆಚಾರ್ಯರು ಎರಡು ಹೆಜ್ಜೆ ಹಿಂದೆ ಸರಿದರು. ಕೆಮ್ಮಿನ ಸಿರಪ್ಪು ತೋರಿಸಿದರೆ ಕೆಲವುಗಳಲ್ಲಿ ಮದ್ಯ ಇರುತ್ತದಂತಲ್ಲ ಎಂದರು. ಬಿಸಿನೀರಿನ ಹಬೆ ತಗೊಳ್ಳಿರಿ, ಅದೇ ಒಳ್ಳೆಯದು ಎಂದರೆ ಆಚಾರ್ಯರಿಗೆ ಸಿಟ್ಟೇ ಬಂತು. ನಲವತ್ತು ವರ್ಷದಿಂದ ಹಂಡೆಯ ಮೇಲೆ ಮುಖ ಹಿಡಿದು ನಿಂತವನಿಗೆ ಹಬೆಯ ಮಹಿಮೆ ಹೇಳುತ್ತೀಯಾ ಎಂದು ಅವನನ್ನೇ ಕೇಳಿದರು.

ಕೊನೆಗೆ ಉಳಿದದ್ದು ಹಳದಿ ಬಣ್ಣದ ಗುಳಿಗೆ. ಕಲ್ಮೇಶ ಗುಳಿಗೆಗಳು ಕೂತ ಬೆಳ್ಳಿಬಣ್ಣದ ಚೀಟಿಯ ಹಿಂದಿನ ಸಣ್ಣ ಅಕ್ಷರ ಓದಿ ಬಿಡಿಸಿ ಹೇಳಿದ. ಗುಳಿಗೆ ಒಂದೇ ಆದರೂ ಒಳಗೆ ಮೂವರು ಕೂತಿದ್ದಾರೆ. ಒಬ್ಬ ಜ್ವರ, ಮೈಕೈ ನೋವಿಗೆ. ಒಬ್ಬ ಸೋರುವ ಮೂಗು ಒಣಗಿಸಲಿಕ್ಕೆ, ಅವನು ನಿದ್ದೆ ತರುತ್ತಾನೆ, ಬಾಯಿಯನ್ನೂ ಒಣಗಿಸುತ್ತಾನೆ. ಇನ್ನೊಬ್ಬ ಕಟ್ಟಿದ ಮೂಗು ಬಿಡಿಸಲಿಕ್ಕೆ, ಬಿಪಿ ಇದ್ದವರಿಗೆ ಅವನು ಬೇಡ.

"ಬಿಪಿ ಇಲ್ಲಲ್ರಿ ನಿಮಗ? ಹಂಗಾರ ತಗೋರಿ. ಆದ್ರ ಇದರ ಜೋಡಿ ಮತ್ತೊಂದು ನೆಗಡಿ ಗುಳಿಗಿ ತಗೋಬ್ಯಾಡ್ರಿ, ಆಚಾರ್ರ. ಹೆಸರು ಬ್ಯಾರೆ ಇರ್ತಾವ, ಒಳಗಿನ ಮಾಲು ಒಂದ ಇರ್ತೈತಿ. ಮತ್ತ ಇದು ನೆಗಡಿ ಓಡಸಂಗಿಲ್ಲ. ನೆಗಡಿ ಇರೂತನಕ ಒಂದೀಟು ಹಗುರ ಮಾಡತೈತಿ, ಅಷ್ಟ," ಎಂದ ಕಲ್ಮೇಶ.

ಆಚಾರ್ಯರು ಬಿಪಿ ಇಲ್ಲ ಎನ್ನುವವರೆಗೆ ಕೇಳಿಸಿಕೊಂಡರು. ಮುಂದಿನದನ್ನು ಕೇಳಿಸಿಕೊಂಡವರಂತೆ ತಲೆ ಅಲ್ಲಾಡಿಸಿದರು.

ಅಂಗಡಿಯ ಗುಳಿಗೆಯನ್ನು ಮಧ್ಯಾಹ್ನ ನುಂಗಿದರು. ಮೂರು ಗಂಟೆಗೆ ಪಾತ್ರೆ ಪಡಗ ಹೇರಿಕೊಂಡ ಯುನೂಸನ ಟೆಂಪೋ ಬಾಗಿಲಿಗೆ ಬಂತು. ಯುನೂಸ ಹತ್ತು ವರ್ಷದಿಂದ ಆಚಾರ್ಯರ ಹಂಡೆಗಳನ್ನು ಹೊತ್ತು ತಿರುಗುತ್ತಿದ್ದ. ಮೂಗು ಇನ್ನೂ ಕಟ್ಟಿಯೇ ಇದೆ ಎಂದದ್ದಕ್ಕೆ ಇಂದೂಬಾಯಿ ದೇವರ ಕಪಾಟಿನ ಕೆಳಗಿನಿಂದ ಕಳೆದ ಚಳಿಗಾಲದ ಅರ್ಧ ಚೀಟಿ ಗುಳಿಗೆ ತಂದು ಕೈಗಿಟ್ಟಳು. ಅವು ಗುಲಾಬಿ ಬಣ್ಣದವು, ತನಗೆ ಒಂದೇ ದಿನದಲ್ಲಿ ಗುಣ ಬಂದಿತ್ತು ಎಂದಳು. ಬಣ್ಣ ಬೇರೆ ಎಂದ ಮೇಲೆ ಔಷಧವೂ ಬೇರೆ ಎಂದುಕೊಂಡು ಆಚಾರ್ಯರು ಒಂದನ್ನು ನುಂಗಿ ಟೆಂಪೋ ಹತ್ತಿದರು.

ಜೊತೆಗಿದ್ದವನು ಅನಂತ. ವಯಸ್ಸು ನಲವತ್ತೈದು, ಮೂಲ ಸಿಂದಗಿಯ ಕಡೆಯವನು, ಹದಿನೆಂಟು ವರ್ಷದಿಂದ ಆಚಾರ್ಯರ ಬಲಗೈ. ಹೆಚ್ಚುವುದು, ಅರೆಯುವುದು, ಒಗ್ಗರಣೆ, ಹೋಳಿಗೆ ಎಲ್ಲ ಅವನದೇ. ಉಪ್ಪು ಮಾತ್ರ ಅವನ ಪಾಲಿನದಲ್ಲ. ಉಪ್ಪಿನ ಬೋಗುಣಿಯನ್ನು ಆಚಾರ್ಯರು ತಮ್ಮ ಮಣೆಯ ಪಕ್ಕದಲ್ಲೇ ಇಟ್ಟುಕೊಳ್ಳುತ್ತಿದ್ದರು. ಬೇರೆ ಅಡಿಗೆಯವರು ಅನಂತನನ್ನು ಹೆಚ್ಚು ಪಗಾರದ ಆಸೆ ತೋರಿಸಿ ಕರೆದದ್ದುಂಟು, ಅವನು ಹೋಗಲಿಲ್ಲ. ಯಾಕೆ ಹೋಗಲಿಲ್ಲ ಎಂದು ಆಚಾರ್ಯರು ಯಾವತ್ತೂ ಕೇಳಿರಲಿಲ್ಲ, ಇಂಥ ಮೂಗನ್ನು ಬಿಟ್ಟು ಎಲ್ಲಿಗೆ ಹೋದಾನು ಎಂದು ತಾವೇ ಉತ್ತರ ಹೇಳಿಕೊಂಡಿದ್ದರು.

ಹೊರ್ತಿ ದಾಟುವ ಹೊತ್ತಿಗೆ ಆಚಾರ್ಯರು ಯುನೂಸನ ಹೆಗಲ ಮೇಲೆ ತಲೆಯಿಟ್ಟು ಗೊರಕೆ ಹೊಡೆಯುತ್ತಿದ್ದರು. ಮಡಿಯ ಮನುಷ್ಯ ಎಚ್ಚರವಾದಾಗ ಏನೆಂದಾರೋ ಎಂದು ಯುನೂಸ ಇಂಡಿಯವರೆಗೂ ಹೆಗಲು ಅಲುಗಿಸದೆ ಗಾಡಿ ಹೊಡೆದ.

ದೇಸಾಯರ ಮನೆಯಲ್ಲಿ ಆಚಾರ್ಯರ ಕಟ್ಟಿದ ದನಿ ಕೇಳಿದ ಕೂಡಲೇ ಯಜಮಾನತಿ ಮುಕ್ತಾಬಾಯಿಗೆ ಗಾಬರಿಯಾಯಿತು. ಪುಣೆಯಿಂದ ಬಂದಿದ್ದ ತನ್ನ ತಂಗಿಯ ಚೀಲ ತಡಕಿ ಬಿಳಿ ಗುಳಿಗೆಗಳ ಒಂದು ಚೀಟಿ ತಂದುಕೊಟ್ಟಳು, ಈಗ ಒಂದು, ಬೆಳಿಗ್ಗೆ ಒಂದು ಎಂದಳು. ಉಣ್ಣಲು ಕೂತಾಗ ಬೀಗರು ಬಡಿಸಿದ ಹೋಳಿಗೆ ಬೇಡ ಎನ್ನುವುದು ಹೇಗೋ, ಯಜಮಾನತಿ ಕೈಯಾರೆ ಕೊಟ್ಟ ಗುಳಿಗೆ ಬೇಡ ಎನ್ನುವುದೂ ಹಾಗೆಯೇ. ಅದೂ ಅಲ್ಲದೆ ಪುಣೆಯ ಗುಳಿಗೆ. ಆಚಾರ್ಯರು ಆವಾಗ ಒಂದು ನುಂಗಿದರು. ಮರುದಿನ ಬೆಳಿಗ್ಗೆ ಸ್ನಾನಕ್ಕೆ ಹೋಗುವ ಮೊದಲು ಮತ್ತೊಂದು ನುಂಗಿದರು, ಯಾವುದಕ್ಕೂ ಇರಲಿ ಎಂದು ಹಳದಿಯದನ್ನೂ ಗುಲಾಬಿಯದನ್ನೂ ಅದರ ಹಿಂದೆ ಕಳಿಸಿದರು.

ಹತ್ತು ಗಂಟೆಗೆ ಕಡಲೆಬೇಳೆ ಬೆಂದಿತ್ತು, ಹೂರಣ ರುಬ್ಬಿ ಆಗಿತ್ತು, ಬೇಳೆಯ ಕಟ್ಟು ಬಸಿದು ಹಂಡೆಗೆ ಬಿದ್ದಿತ್ತು. ಮೂಗು ಮಾತ್ರ ಹಾಗೆಯೇ ಇತ್ತು. ಕಣ್ಣಿನ ರೆಪ್ಪೆ ಭಾರವಾಗಿತ್ತು, ಎದೆ ಸುಮ್ಮಸುಮ್ಮನೆ ಡವಡವ ಎನ್ನುತ್ತಿತ್ತು. ಮಡಿಯಲ್ಲಿ ಫೋನು ಮುಟ್ಟುವಂತಿಲ್ಲ. ಆಚಾರ್ಯರು ಹಿತ್ತಲ ಬಾಗಿಲಿಗೆ ಬಂದು ಯುನೂಸನನ್ನು ಕರೆದರು. ಅವನು ಹೊಸ್ತಿಲಾಚೆ ನಿಂತು, ಕಲ್ಮೇಶನಿಗೆ ಫೋನು ಹಚ್ಚಿ, ಒಂದು ಮಾರು ದೂರದಿಂದ ಆಚಾರ್ಯರ ಮುಖದತ್ತ ಹಿಡಿದ. ಯಾವ ಯಾವ ಗುಳಿಗೆ ತಗೊಂಡಿರಿ ಎಂದು ಕಲ್ಮೇಶ ಕೇಳಿದ. ಆಚಾರ್ಯರು ಬಣ್ಣ ಹೇಳಿದರು. ಬಣ್ಣ ಬೇಡ, ಚೀಟಿಯ ಮೇಲಿನದನ್ನು ಓದಿಸಿರಿ ಎಂದ. ಯುನೂಸ ಹೊರಗಿದ್ದ ಆಚಾರ್ಯರ ಚೀಲದಿಂದ ಮೂರೂ ಚೀಟಿಗಳನ್ನು ತೆಗೆದು ಒಂದೊಂದೇ ಅಕ್ಷರ ಕೂಡಿಸಿ ಓದಿದ.

"ಮೂರೂ ಒಂದ ಅದಾವ್ರಿ, ಆಚಾರ್ರ. ಒಂದ ಔಷಧ ಮೂರು ಪಾಲು ನುಂಗೀರಿ. ಇನ್ನ ಒಂದೂ ಮುಟ್ಟಬ್ಯಾಡ್ರಿ, ಲಿವರ್ ಕೆಡ್ತೈತಿ. ನೀರು ಕುಡೀರಿ. ಶಾಂತಿ ಮುಗಿದ ಕೂಡ್ಲೆ ಅಲ್ಲೇ ದವಾಖಾನಿಗೆ ಹೋಗಿ ತೋರಿಸ್ರಿ, ನಾಳಿಗೆ ಇಡಬ್ಯಾಡ್ರಿ."

ಮೂಗು ಯಾವಾಗ ಬಿಡುತ್ತದೆ ಎಂಬುದೊಂದೇ ಆಚಾರ್ಯರ ಪ್ರಶ್ನೆ. ಇನ್ನೂ ಮೂರು ನಾಲ್ಕು ದಿನ ಎಂದ ಕಲ್ಮೇಶ. ಯುನೂಸನನ್ನು ಕರೆದು, ಅವರು ಮರೆತರೆ ನೀನೇ ದವಾಖಾನೆಗೆ ಕರೆದುಕೊಂಡು ಹೋಗು ಎಂದೂ ಹೇಳಿದ.

ಆಚಾರ್ಯರು ಒಳಗೆ ಬಂದು ಮಣೆಯ ಮೇಲೆ ಕೂತರು. ಕೂತದ್ದಷ್ಟೇ ನೆನಪು. ಕಣ್ಣು ಬಿಟ್ಟಾಗ ಸಾರು ಕುದಿಯುತ್ತಿತ್ತು, ಉಪ್ಪಿನ ಬೋಗುಣಿ ತೊಡೆಯ ಮೇಲಿತ್ತು, ಬೆರಳುಗಳಿಗೆ ಉಪ್ಪು ಮೆತ್ತಿತ್ತು. ಅಂದರೆ ಹಾಕಿದ್ದಾರೆ. ಅಥವಾ ಹಾಕಲು ಕೈ ಹಾಕಿದಾಗ ಜೊಂಪು ಹತ್ತಿದೆ. ಅಥವಾ ಎರಡು ಸಲ ಹಾಕಿದ್ದಾರೆ. ಎಷ್ಟು ತಿಣುಕಿದರೂ ನೆನಪಾಗಲಿಲ್ಲ. ಅನಂತ ತೆಂಗಿನಕಾಯಿ ತುರಿಯಲು ಹಿತ್ತಲಿಗೆ ಹೋಗಿದ್ದ. ಹೊರಗೆ ಪುರೋಹಿತರ ದನಿ ಏರಿತ್ತು, ಹೋಮ ಪೂರ್ಣಾಹುತಿಯ ಹತ್ತಿರ ಬಂದಿತ್ತು. ನೈವೇದ್ಯಕ್ಕೆ ಇನ್ನು ಅರ್ಧ ಗಂಟೆ.

ಆಚಾರ್ಯರು ಮುಚ್ಚಳ ಸರಿಸಿ ಹಬೆಗೆ ಮುಖ ಕೊಟ್ಟರು. ಹಬೆ ಬಿಸಿಯಾಗಿತ್ತು, ಅಷ್ಟೇ. ಅವರಿಗೆ ಭಯವಾಯಿತು. ಸಾರು ಉಪ್ಪಾಗಿದ್ದರೆ ದೇಸಾಯರು ಬೈಯುವವರಲ್ಲ, ಎಲ್ಲರೂ ಮುಸಿಮುಸಿ ನಗುತ್ತ ಮಜ್ಜಿಗೆ ಕೇಳುತ್ತಾರೆ, ಸಂಜೆಯೊಳಗೆ ಸುದ್ದಿ ನಾಲ್ಕು ತಾಲೂಕು ದಾಟುತ್ತದೆ. ಆಚಾರ್ಯರು ಆಚೀಚೆ ನೋಡಿದರು. ಸೌಟಿನಿಂದ ನಾಲ್ಕು ಹನಿ ಅಂಗೈಗೆ ಹಾಕಿಕೊಂಡರು. ಕಣ್ಣು ಮುಚ್ಚಿ ನೆಕ್ಕಿದರು.

ನಾಲಿಗೆಗೆ ಏನೂ ತಿಳಿಯಲಿಲ್ಲ. ಒಂದೇ ಗುಳಿಗೆಯನ್ನು ಮೂರು ಬಣ್ಣದಲ್ಲಿ ನುಂಗಿದ ಬಾಯಿ ಒಣಗಿ ಗೋಣಿಚೀಲವಾಗಿತ್ತು. ಇನ್ನೊಮ್ಮೆ ಹಾಕಿಕೊಂಡು ನೆಕ್ಕಿದರು. ಬಿಸಿ ಇತ್ತು, ಒದ್ದೆ ಇತ್ತು, ಉಪ್ಪಿನ ಪತ್ತೆ ಇರಲಿಲ್ಲ. ಮೂರನೆಯ ಸಲ ಸೌಟಿನ ಕಾಲು ಭಾಗವೇ ಅಂಗೈಗೆ ಬಿತ್ತು. ಹುಟ್ಟಿದಾಗಿನಿಂದ ಮಾಡದ ಪಾಪವನ್ನು ಒಂದೇ ಏಟಿಗೆ ಮೂರು ಸಲ ಮಾಡಿದ್ದಾಯಿತು. ಪಾಪ ಮಾಡಿದವನಿಗೆ ಅದರ ರುಚಿಯಾದರೂ ಸಿಗಬೇಡವೇ? ಆಚಾರ್ಯರಿಗೆ ಅಳು ಬಂತು.

ತಲೆಯೆತ್ತಿದರೆ ಬಾಗಿಲಲ್ಲಿ ಅನಂತ ನಿಂತಿದ್ದ. ಕೈಯಲ್ಲಿ ಕಾಯಿತುರಿಯ ಪರಾತ. ಎಷ್ಟು ಹೊತ್ತಿನಿಂದ ನಿಂತಿದ್ದನೋ.

"ತಿಳೀತೇನ್ರಿ, ಆಚಾರ್ರ?" ಎಂದು ಅವನು ಮೆಲ್ಲಗೆ ಕೇಳಿದ.

ಆಚಾರ್ಯರು ಇಲ್ಲವೆಂದು ತಲೆಯಾಡಿಸಿದರು. ಅನಂತ ಪರಾತ ಕೆಳಗಿಟ್ಟ. ಸೌಟು ತೆಗೆದುಕೊಂಡು, ಮೈಯನ್ನು ಬಾಗಿಲಿಗೆ ಅಡ್ಡ ಮಾಡಿ, ಎರಡು ಹನಿ ಎಡ ಅಂಗೈಯ ತಗ್ಗಿಗೆ ಬಿಟ್ಟುಕೊಂಡು, ನಾಲಿಗೆಯ ತುದಿ ತಾಗಿಸಿ, ಕೈಯನ್ನು ಆ ಕೂಡಲೇ ತಂಬಿಗೆಯ ನೀರಿನಿಂದ ತೊಳೆದುಕೊಂಡ. ಕಣ್ಣು ಮಿಟುಕಿಸುವುದರೊಳಗೆ ಎಲ್ಲ ಮುಗಿದಿತ್ತು. ಮೊದಲ ಸಲ ಮಾಡುವವನ ಕೈ ಅಷ್ಟು ಚುರುಕಾಗಿರುವುದಿಲ್ಲ ಎಂಬುದು ಗುಳಿಗೆಯ ಮಂಪರಿನಲ್ಲೂ ಆಚಾರ್ಯರಿಗೆ ಹೊಳೆಯಿತು.

"ಉಪ್ಪು ಬಿದ್ದಿಲ್ರಿ," ಎಂದು ಅನಂತ ನಾಲ್ಕು ಹಿಡಿ ಹಾಕಿದ, ತಿರುವಿದ, ಮತ್ತೆ ಅಂಗೈಗೆ ಹನಿ ಬಿಟ್ಟುಕೊಂಡ, ಮತ್ತೆ ಅರ್ಧ ಹಿಡಿ ಹಾಕಿದ.

"ಎಷ್ಟು ದಿನದಿಂದ?" ಎಂದರು ಆಚಾರ್ಯರು.

ಅನಂತ ಒಲೆಯ ಉರಿ ಸಣ್ಣ ಮಾಡಿದ. "ಬಂದ ಎರಡನೇ ತಿಂಗಳಿಂದ. ತಾಳಿಕೋಟಿಯೊಳಗ ಒಂದು ಮುಂಜಿ ಇತ್ತಲ್ರೀ, ನೀವು ಸಾಕು ಅಂದಿದ್ರಿ. ನನಗ ಯಾಕೋ ಅನುಮಾನ ಬಂತು. ನೋಡಿದ್ರ ಸಪ್ಪಗಿತ್ತು."

"ಅಂದ್ರ ನನ್ನ ಮೂಗು?"

"ಚಲೋ ಅದ್ರೀ ನಿಮ್ಮ ಮೂಗು. ಮೊದಲೆಲ್ಲ ಹತ್ತಕ್ಕ ಎಂಟು ಸಲ ಸರೀನ ಇರ್ತಿತ್ತು. ಈಗ ನಾಕೈದು ವರ್ಷಾತು, ನೀವು ಹಾಕಿದ್ದ ಮರತು ಮತ್ತ ಹಾಕ್ತೀರಿ. ಅದಕ್ಕ ಒಂದು ತಪೇಲಿ ಸಪ್ಪನ ಕಟ್ಟು ತಗದು ಇಟ್ಟಿರ್ತೀನಿ. ಹೆಚ್ಚಾತಂದ್ರ ಸುರೀಲಿಕ್ಕೆ."

ಆಚಾರ್ಯರು ಹೊಡೆಯಲೆಂದೇ ಎದ್ದರು. ಹದಿನೆಂಟು ವರ್ಷ. ಎಷ್ಟು ಮುಂಜಿ, ಎಷ್ಟು ಮದುವೆ, ಮಠದ ಸ್ವಾಮಿಗಳು ಬಂದು ಕೂತ ಎಷ್ಟು ಪಂಕ್ತಿ. ಅಷ್ಟೂ ದಿನ ದೇವರು ಅನಂತ ಉಂಡು ಬಿಟ್ಟದ್ದನ್ನು ಉಂಡಿದ್ದಾನೆ. ಕೂಗಿ ಹೇಳಿದರೆ ಅನಂತನನ್ನು ಯಾರೂ ಅಡಿಗೆಮನೆಯ ಹೊಸ್ತಿಲು ಹತ್ತಿಸುವುದಿಲ್ಲ. ಆದರೆ ಎತ್ತಿದ ಕೈಯಲ್ಲಿ ಸಾರಿನ ಜಿಡ್ಡು ಇನ್ನೂ ಹಾಗೆಯೇ ಇತ್ತು. ಇನ್ನೊಂದು ಸಂಗತಿಯೂ ತಲೆಗೆ ಬಂತು. ಇಷ್ಟು ವರ್ಷ ಇವನಿಗೆ ಒಂದು ಮಾತು ಸಾಕಿತ್ತು. ಮುದುಕನ ಮೂಗು ಸತ್ತಿದೆ ಎಂದು ಯಾರಿಗಾದರೂ ಹೇಳಿದ್ದರೆ ಅಷ್ಟೂ ಕೆಲಸ ಇವನದಾಗುತ್ತಿತ್ತು.

"ಹೇಳಲಿಲ್ಲ ಯಾಕ?"

"ನೀವು ಹಂಡೆ ಮುಂದ ಕಣ್ಣು ಮುಚ್ಚಿ ನಿಂತಾಗ," ಎಂದು ಅನಂತ ತಡವರಿಸಿದ, "ನೋಡ್ಲಿಕ್ಕೆ ಚಲೋ ಕಾಣ್ತದ್ರೀ."

ಆಚಾರ್ಯರು ಎತ್ತಿದ ಕೈಯನ್ನು ತೊಳೆದುಕೊಂಡರು. ಹೊರಗಿನಿಂದ ನೈವೇದ್ಯಕ್ಕೆ ಕರೆ ಬಂತು. ಎಡೆ ಮಾಡಿದ ಎಲೆ ದೇವರ ಮುಂದೆ ಹೋಯಿತು, ಗಂಟೆ ಮೊಳಗಿತು. ದೇವರೇ, ಹದಿನೆಂಟು ವರ್ಷ ಉಂಡಿದ್ದೀ, ಒಂದು ದಿನವೂ ತಕರಾರು ಮಾಡಿಲ್ಲ, ನನಗೆ ಬರುವ ಕೆಲಸವನ್ನೂ ಕಡಿಮೆ ಮಾಡಿಲ್ಲ, ಇವತ್ತೂ ಉಣ್ಣು ಎಂದು ಆಚಾರ್ಯರು ಕೈಮುಗಿದರು. ಅದಕ್ಕಿಂತ ಪ್ರಾಮಾಣಿಕವಾದ ಮಂತ್ರ ಅವರ ಬಾಯಿಂದ ಹಿಂದೆಂದೂ ಬಂದಿರಲಿಕ್ಕಿಲ್ಲ.

ಮೊದಲ ಪಂಕ್ತಿಯಲ್ಲಿ ದೇಸಾಯರು ಎರಡನೆಯ ಸಲ ಸಾರು ಹಾಕಿಸಿಕೊಂಡರು. ಬೆರಳು ನೆಕ್ಕಿ ತಲೆದೂಗಿದರು.

"ಆಚಾರ್ರ, ನಿಮ್ಮ ಮೂಗಿಗೆ ಬಂಗಾರದ ಕವಚ ಮಾಡಿಸಬೇಕ್ರೀ."

ನಕ್ಕು ಸುಮ್ಮನಿದ್ದರೆ ಸಾಕಿತ್ತು. ನಲವತ್ತು ವರ್ಷದಿಂದ ಆಚಾರ್ಯರು ಹಾಗೆಯೇ ನಕ್ಕು ಸುಮ್ಮನಿದ್ದವರು. ಸಾರಿನ ಬಕೀಟು ಹಿಡಿದು ಅನಂತ ಪಂಕ್ತಿಯ ಆ ತುದಿಯಲ್ಲಿ ಬಗ್ಗಿ ಬಡಿಸುತ್ತಿದ್ದ, ಯಾರೂ ಅವನ ಮುಖ ನೋಡುತ್ತಿರಲಿಲ್ಲ. ಆಚಾರ್ಯರು ಅದನ್ನು ನೋಡಿದರು.

"ನನ್ನ ಮೂಗು ಎರಡು ದಿನದಿಂದ ಕಟ್ಟೇದ್ರೀ," ಎಂದರು ಎಲ್ಲರಿಗೂ ಕೇಳುವಂತೆ, ಆ ಕಟ್ಟಿದ ದನಿಯಲ್ಲೇ. "ಇವತ್ತಿನ ಉಪ್ಪು ಅನಂತಂದು."

ಪಂಕ್ತಿಯ ಕೈಗಳು ನಿಂತವು. ಅವನಿಗೂ ಹಾಗೆ ವಾಸನೆ ತಿಳಿಯುತ್ತದೆಯೇ ಎಂದು ಯಾರೋ ಕೇಳಿದರು. ಅನಂತ ಸೌಟನ್ನು ಬಕೀಟಿಗೆ ಇಳಿಬಿಟ್ಟ.

"ನನಗಿಂತ ಚಲೋ ತಿಳೀತದ," ಎಂದರು ಆಚಾರ್ಯರು. "ಹದಿನೆಂಟು ವರ್ಷದಿಂದ ಉಪ್ಪು ಅವನ ನೋಡ್ಲಿಕ್ಕತ್ತಾನ. ನಾನ ಯಾರ ಮುಂದೂ ಹೇಳಿರಲಿಲ್ಲ."

ಆಮೇಲೆ ಸಿಂದಗಿಯಿಂದ ಬಂದಿದ್ದ ಒಬ್ಬರು, ಮುಂದಿನ ತಿಂಗಳು ತಮ್ಮಲ್ಲಿ ಮದುವೆ ಇದೆ, ಅನಂತಾಚಾರ್ರ ಫೋನ್ ನಂಬರು ಬೇಕಲ್ಲ ಎಂದರು. ಯಾರಾದರೂ ಅವನನ್ನು ಆಚಾರ್ರು ಎಂದು ಕರೆದದ್ದು ಅದೇ ಮೊದಲು. ಅನಂತ ಬಕೀಟು ಹಿಡಿದುಕೊಂಡು ಮುಂದಿನ ಎಲೆಗೆ ಸರಿದ. ನಂಬರು ಆಚಾರ್ಯರಿಗೆ ಬಾಯಿಪಾಠವಿತ್ತು. ಒಂದೊಂದೇ ಅಂಕಿ ಬಿಡಿಸಿ, ತಪ್ಪಾಗಬಾರದೆಂದು ಎರಡು ಸಲ ಹೇಳಿದರು.